ಸೈನಿಕರ ನೆನಪಿಗೆ ಜೂಜಿನ ರಿಯಾಯಿತಿ: ಟೂ-ಅಪ್ ಆಟದ ಹಿನ್ನೆಲೆ

ಕೊಡಗಿನಲ್ಲಿ ಒಬ್ಬರಾದರೂ ಮಿಲಿಟರಿ ಸೇರಿದ ಕುಟುಂಬಗಳು ಜಾಸ್ತಿ. ಜನರಲ್ ತಿಮ್ಮಯ್ಯನವರು ಹುಟ್ಟಿದ ಮಡಿಕೇರಿಯ ‘ಸನ್ನಿ ಸೈಡ್’ ಈಗ ಮ್ಯೂಸಿಯಂ ಆಗಿದೆ. ಸೈನಿಕರ ನೆನಪಿಗೆ ನಾವು ಹೂಮಾಲೆ ಇಡುತ್ತೇವೆ, ಮೌನ ಆಚರಿಸುತ್ತೇವೆ. ಆಸ್ಟ್ರೇಲಿಯಾದವರು ಇದರ ಜೊತೆಗೆ ಒಂದು ಜೂಜಿಗೂ ಅವಕಾಶ ಕೊಟ್ಟಿದ್ದಾರೆ. ಅದರ ಹೆಸರು ಟೂ-ಅಪ್.

ಆಟ ಬಹಳ ಸರಳ. ಜನ ಸುತ್ತ ನಿಲ್ಲುತ್ತಾರೆ. ನಡುವೆ ನಿಂತವನು ಸ್ಪಿನ್ನರ್. ಅವನ ಕೈಯಲ್ಲಿ ಕಿಪ್ ಎಂಬ ಸಣ್ಣ ಮರದ ಹಲಗೆ. ಅದರ ಮೇಲೆ ಎರಡು ಹಳೇ ಪೆನ್ನಿ ನಾಣ್ಯ ಇಟ್ಟು ತಲೆಗಿಂತ ಎತ್ತರಕ್ಕೆ ಚಿಮ್ಮಿಸಬೇಕು. ಎರಡೂ ಹೆಡ್ ಬಿದ್ದರೆ ಹೆಡ್‌ಗೆ ಕಟ್ಟಿದವರು ಗೆದ್ದರು, ಎರಡೂ ಟೇಲ್ ಬಿದ್ದರೆ ಟೇಲ್‌ನವರು. ಒಂದೊಂದು ಬಿದ್ದರೆ ಲೆಕ್ಕಕ್ಕಿಲ್ಲ, ಮತ್ತೆ ಎಸೆಯಬೇಕು. ಸುತ್ತ ನಿಂತವರು ತಮ್ಮತಮ್ಮಲ್ಲೇ ಪಂಥ ಕಟ್ಟುತ್ತಾರೆ. ಒಬ್ಬ ಸೋತ ದುಡ್ಡು ನೇರ ಇನ್ನೊಬ್ಬನ ಕೈಗೆ ಹೋಗುತ್ತದೆ. ರಿಂಗ್ ನಡೆಸುವವನಿಗೆ ಗೆದ್ದ ಸ್ಪಿನ್ನರ್‌ನಿಂದ ಮಾತ್ರ ಒಂದು ಪಾಲು.

ಬ್ರಿಟನ್, ಐರ್ಲೆಂಡಿನ ವಲಸಿಗರು ತಂದ ಈ ಆಟ 1850ರ ದಶಕದ ಚಿನ್ನದ ಗಣಿಗಳಲ್ಲಿ ಬೇರೂರಿತು. ಕಾನೂನು ಒಪ್ಪಲಿಲ್ಲ. ಪೊಲೀಸರು ಬಂದರೆ ಸುಳಿವು ಕೊಡಲು ಕಾವಲುಗಾರರನ್ನು ಇಟ್ಟುಕೊಂಡೇ ಆಡುತ್ತಿದ್ದರು. ಸಿಡ್ನಿಯ ‘ಥಾಮೋಸ್’ ಅಡ್ಡೆ 1910ರ ಸುಮಾರಿನಿಂದ ದಶಕಗಳ ಕಾಲ ಹೀಗೇ ನಡೆಯಿತು.

ಆಟಕ್ಕೆ ಗೌರವ ತಂದುಕೊಟ್ಟದ್ದು ಮೊದಲ ಮಹಾಯುದ್ಧ. ಹಡಗಿನಲ್ಲಿ, ಕಂದಕದಲ್ಲಿ, ನಾಳೆ ಬದುಕಿರುತ್ತೇವೋ ಇಲ್ಲವೋ ಗೊತ್ತಿಲ್ಲದ ಹುಡುಗರು ಇದನ್ನು ಆಡಿದರು. 1915ರ ಏಪ್ರಿಲ್ 25ರಂದು ಅವರು ಟರ್ಕಿಯ ಗಲಿಪೊಲಿಯಲ್ಲಿ ಇಳಿದರು. ಆ ರಣರಂಗದಲ್ಲಿ ಭಾರತದ ಸೈನಿಕರೂ ಇದ್ದರು ಅನ್ನುವುದನ್ನು ನಾವು ಮರೆಯಬಾರದು. ಏಪ್ರಿಲ್ 25 ಆಂಜ಼ಾಕ್ (ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಸೇನಾಪಡೆ) ದಿನವಾಯಿತು, ಟೂ-ಅಪ್ ಅದರ ಆಚರಣೆಗೆ ಸೇರಿತು. ನ್ಯೂ ಸೌತ್ ವೇಲ್ಸ್ ರಾಜ್ಯ 1998ರ ಕಾಯ್ದೆಯಲ್ಲಿ ಕೆಲವೇ ಸ್ಮರಣೆಯ ದಿನಗಳಿಗೆ ಅನುಮತಿ ಕೊಟ್ಟಿತು. ಗಣಿ ಊರುಗಳಾದ ಬ್ರೋಕನ್ ಹಿಲ್, ಕಾಲ್ಗೂರ್ಲಿಗೆ ಬೇರೆ ರಿಯಾಯಿತಿ ಇದೆ.

ಇಷ್ಟು ವರ್ಷಗಳಲ್ಲಿ ಆಟದ ಸ್ವಭಾವವನ್ನೇ ಬದಲಿಸಿದ್ದು ಕ್ಯಾಸಿನೊದ ಒಂದು ಪುಟ್ಟ ನಿಯಮ. ಎರಡು ನಾಣ್ಯ ಎಸೆದಾಗ ಎರಡೂ ಹೆಡ್ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು, ಎರಡೂ ಟೇಲ್ ಬೀಳುವುದೂ ಅಷ್ಟೇ. ಉಳಿದ ಅರ್ಧ ಪಾಲು ಒಂದೊಂದು. ಅದನ್ನು ಬಿಟ್ಟು ಮತ್ತೆ ಎಸೆದರೆ ಇಬ್ಬರಿಗೂ ಸರಿಸಮ. ಕ್ಯಾಸಿನೊದಲ್ಲಿ ಮಾತ್ರ ಸತತ ಐದು ಸಲ ಒಂದೊಂದು ಬಿದ್ದರೆ ಎರಡೂ ಕಡೆಯವರ ದುಡ್ಡು ಮಾಲೀಕನಿಗೆ. ಸಾಧ್ಯತೆ 32ರಲ್ಲಿ ಒಂದು, ಅಂದರೆ ಶೇ 3.125. ಕಡಿಮೆ ಅನ್ನಿಸುತ್ತದೆ ಅಲ್ವಾ? ಆದರೆ ಪ್ರತಿ ಪಂಥದಲ್ಲೂ ಇದು ಇದೆ. ಇಡೀ ದಿನ, ಇಡೀ ವರ್ಷ ಆಡಿದರೆ ಕೊನೆಗೆ ಗೆಲ್ಲುವುದು ಮಾಲೀಕನೊಬ್ಬನೇ. ಗೆಳೆಯರ ನಡುವಿನ ಆಟ ಅಲ್ಲಿಗೆ ವ್ಯಾಪಾರವಾಯಿತು.

ನಮ್ಮಲ್ಲಿ? 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇಲ್ಲಿಗೂ ಅನ್ವಯ. ರಸ್ತೆಯಲ್ಲಿ ಜೂಜಾಡಿದರೆ 87ನೇ ಸೆಕ್ಷನ್. ಕೌಶಲದ ಆಟಕ್ಕೆ ವಿನಾಯಿತಿ ಇದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಗುರಿಯ ಆಟ. ನಾಣ್ಯ ಚಿಮ್ಮಿಸುವುದು ಬರೀ ಅದೃಷ್ಟ. ಯುಗಾದಿ, ದೀಪಾವಳಿ ಬಂದಾಗ ‘ಹಬ್ಬಕ್ಕಾದರೂ ಇಸ್ಪೀಟು ಆಡಲು ಬಿಡಿ’ ಅನ್ನುವ ಮಾತು ಕೇಳುತ್ತಲೇ ಇರುತ್ತದೆ. ಹಾಗೆ ಕೇಳುವವರನ್ನು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಆ ಆಟದಲ್ಲಿ ಅಡ್ಡೆ ನಡೆಸುವವನ ಪಾಲು ಎಷ್ಟು?