ಸಿನಿಮಾ ಬಿಟ್ಟ ಮೇಲೆ ಜನ ನಿಂತು ಮಾತಾಡಬೇಕಾದರೆ

ಪ್ರಶ್ನೆ: ನಮ್ಮೂರಲ್ಲಿ ಐವತ್ತು ಜನ ಕೂರುವಂಥ ಪುಟ್ಟ ಚಿತ್ರಮಂದಿರ, ಜೊತೆಗೊಂದು ಕೆಫೆ ಕಟ್ಟಬೇಕೆಂದಿದ್ದೇವೆ. ಬಂದವರು ಸಿನಿಮಾ ನೋಡಿ ಸುಮ್ಮನೆ ಎದ್ದುಹೋಗದೆ ಒಬ್ಬರಿಗೊಬ್ಬರು ಮಾತಾಡುವಂತಾಗಬೇಕು. ವಿನ್ಯಾಸ ಹೇಗಿರಬೇಕು?

ಮೊದಲು ಹೊರಬರುವ ಬಾಗಿಲು ಎಲ್ಲಿ ಅನ್ನುವುದನ್ನು ತೀರ್ಮಾನಿಸಿ. ಕುರ್ಚಿ, ಬಣ್ಣ, ಮೆನು ಎಲ್ಲ ಆಮೇಲೆ. ಎಷ್ಟೋ ಮಲ್ಟಿಪ್ಲೆಕ್ಸ್‌ಗಳಲ್ಲಿ ಸಿನಿಮಾ ಮುಗಿಯುತ್ತಿದ್ದಂತೆ ಪರದೆಯ ಪಕ್ಕದ ಬಾಗಿಲು ತೆರೆದುಕೊಳ್ಳುತ್ತದೆ, ಜನ ಉದ್ದನೆಯ ಕಾರಿಡಾರ್ ಹಿಡಿದು ನೇರ ಪಾರ್ಕಿಂಗ್‌ಗೆ ಇಳಿಯುತ್ತಾರೆ. ಮುಂದಿನ ಆಟಕ್ಕೆ ಹಾಲ್ ಬೇಗ ಖಾಲಿಯಾಗಬೇಕಲ್ಲ, ಅದಕ್ಕೆ ಆ ಏರ್ಪಾಡು. ನಿಮಗೆ ಬೇಕಾದದ್ದು ಅದರ ತದ್ವಿರುದ್ಧ. ಹಾಲ್‌ನಿಂದ ಬೀದಿಗೆ ಹೋಗುವ ದಾರಿ ಕೆಫೆಯ ನಡುವಿನಿಂದಲೇ ಹಾಯಬೇಕು. ತುರ್ತು ನಿರ್ಗಮನ ಬೇರೆಯೇ ಇರಬೇಕು, ಅದರಲ್ಲಿ ರಾಜಿ ಬೇಡ.

ಇದಕ್ಕೊಂದು ಗಟ್ಟಿ ಕಾರಣವಿದೆ. 1970ರ ದಶಕದಲ್ಲಿ ವಿಲಿಯಂ ಎಚ್. ವೈಟ್ ಎಂಬವರು ನ್ಯೂಯಾರ್ಕಿನ ಸಣ್ಣ ಸಣ್ಣ ಸಾರ್ವಜನಿಕ ಜಾಗಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ಗಮನಿಸಿದರು. ಮಾತಿಗೆ ನಿಂತವರು ಬದಿಗೆ ಸರಿಯುತ್ತಾರೆಂದು ನಾವು ಅಂದುಕೊಳ್ಳುತ್ತೇವೆ. ಅವರು ಕಂಡದ್ದು ಬೇರೆ: ಜನ ಓಡಾಡುವ ದಾರಿಯ ನಟ್ಟನಡುವೆಯೇ ನಿಂತು ಮಾತಾಡುತ್ತಾರೆ. ಅಪರಿಚಿತರಿಬ್ಬರ ನಡುವೆ ಮಾತು ಹುಟ್ಟಲು ಇಬ್ಬರೂ ಒಟ್ಟಿಗೆ ನೋಡಿದ ಮೂರನೆಯದೊಂದು ಬೇಕು ಎಂಬುದೂ ಅವರ ಗಮನಕ್ಕೆ ಬಂತು. ಸಿನಿಮಾಕ್ಕಿಂತ ಒಳ್ಳೆಯ ಮೂರನೆಯದು ಯಾವುದಿದೆ? ಹಾಗಾಗಿ ಹಾಲ್‌ನ ಬಾಗಿಲಾಚೆ ಇಕ್ಕಟ್ಟಾದ ಪ್ಯಾಸೇಜ್ ಇಡಬೇಡಿ. ಐವತ್ತು ಜನ ಒಮ್ಮೆಗೇ ನಿಲ್ಲಲು ಐನೂರು ಚದರಡಿಯಾದರೂ ಖಾಲಿ ಬಿಡಿ.

ಆ ಖಾಲಿ ಜಾಗದಲ್ಲಿ ಏನಿಡಬೇಕು? ಉತ್ತರ ನಮ್ಮಲ್ಲೇ ಇದೆ. 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ ಬೆಂಗಳೂರಿಗೆ ನಿಂತು ತಿನ್ನುವ ಹೋಟೆಲ್‌ಗಳ ರೂಢಿ ಬಂತು. ಎದೆಮಟ್ಟದ ದುಂಡನೆ ಮೇಜಿನ ಮೇಲೆ ಯಾರೋ ಇಟ್ಟ ಇಡ್ಲಿ ತಟ್ಟೆಯ ಪಕ್ಕ ನಮ್ಮ ಕಾಫಿ ಲೋಟ ಇಡುತ್ತೇವೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕೂತವರ ಟೇಬಲ್‌ಗೆ ಹೋಗಲು ಅನುಮತಿ ಕೇಳಬೇಕು, ನಿಂತವರ ಮೇಜಿಗೆ ಬೇಡ. ಬಾಗಿಲ ಬಳಿ ಇಂಥ ನಾಲ್ಕು ಮೇಜು ಹಾಕಿ. ಒಳಗೆ ಹತ್ತು ಜನ ಕೂರುವ ಒಂದು ಉದ್ದನೆಯ ಮರದ ಮೇಜಿರಲಿ. ಕುರ್ಚಿಗಳನ್ನು ನೆಲಕ್ಕೆ ಬಿಗಿಯದೆ, ಎಳೆದುಕೊಳ್ಳುವಷ್ಟು ಹಗುರವಾದವನ್ನೇ ತನ್ನಿ. ಇಬ್ಬರು ಕೂರುವ ಟೇಬಲ್ ಕಡಿಮೆ ಸಾಕು. ಆದರೆ ಒಬ್ಬರೇ ಬಂದವರಿಗೆ, ಮುಖ್ಯವಾಗಿ ಒಬ್ಬರೇ ಬರುವ ಹೆಣ್ಣುಮಕ್ಕಳಿಗೆ, ಗೋಡೆಗೆ ಬೆನ್ನು ಕೊಟ್ಟು ಇಡೀ ಕೋಣೆ ನೋಡುತ್ತಾ ಕೂರಬಹುದಾದ ಕಟ್ಟೆಯೊಂದು ಬೇಕೇ ಬೇಕು. ಮಾತಾಡಲೇಬೇಕೆಂಬ ಒತ್ತಾಯ ಬಿದ್ದರೆ ನಾಚಿಕೆಯವರು ಮತ್ತೆ ಬರುವುದಿಲ್ಲ.

ಕೆಫೆಯಲ್ಲಿ ಮಾತು ಕೇಳಿಸಬೇಕು. ಗ್ರಾನೈಟ್ ನೆಲ, ಗಾಜಿನ ಗೋಡೆ, ಬೋಳು ಕಾಂಕ್ರೀಟ್ ಸೂರು ಸೇರಿದರೆ ಇಪ್ಪತ್ತು ಜನರ ದನಿಯೇ ಗದ್ದಲವಾಗಿ, ಪಕ್ಕದವರ ಮಾತು ತಿಳಿಯದೆ ಎಲ್ಲರೂ ಎದ್ದುಹೋಗುತ್ತಾರೆ. ಸೂರಿಗೆ ತೆಂಗಿನ ನಾರಿನ ಹಲಗೆ, ಒಂದು ಗೋಡೆಗೆ ದಪ್ಪ ಬಟ್ಟೆ ಹೊದಿಸಿದರೆ ದೊಡ್ಡ ವ್ಯತ್ಯಾಸವಾಗುತ್ತದೆ. ಕೆಫೆಯ ಸದ್ದು ಹಾಲ್‌ಗೂ ನುಗ್ಗಬಾರದು. ನಡುವೆ ಎರಡು ಬಾಗಿಲು, ಅವುಗಳ ಮಧ್ಯೆ ಐದಾರು ಅಡಿ ಕತ್ತಲ ಜಾಗ, ಅಂಚಿಗೆ ರಬ್ಬರ್. ಕಾಫಿ ಬೀಜ ಪುಡಿ ಮಾಡುವ ಯಂತ್ರ ಆಟ ನಡೆಯುವಾಗ ಬಂದ್.

ಹಾಲ್‌ನ ಲೆಕ್ಕ ಸರಳ. ಎಂಟೆಂಟು ಕುರ್ಚಿಯ ಆರು ಸಾಲು (ಐವತ್ತಕ್ಕೆ ಎರಡೇ ಕಡಿಮೆ), ಸಾಲಿನಿಂದ ಸಾಲಿಗೆ ಮೂರೂವರೆ ಅಡಿ, ಓಡಾಡುವ ದಾರಿ ಎರಡೂ ಬದಿಗೆ. ನಡುವೆ ದಾರಿ ಬಿಟ್ಟರೆ ಅತ್ಯುತ್ತಮ ಸೀಟುಗಳೇ ಹೋಗುತ್ತವೆ. ಕೊನೆಯ ಸಾಲು ಪರದೆಯಿಂದ 30 ಅಡಿ ದೂರವಿದ್ದರೆ ಪರದೆ 16 ಅಡಿ ಅಗಲವಿರಲಿ, ಆಗ ಹಿಂದೆ ಕೂತವರಿಗೂ ಅದು 30 ಡಿಗ್ರಿಯಷ್ಟು ನೋಟ ತುಂಬುತ್ತದೆ. 23 ಅಡಿಗೆ 36 ಅಡಿಯ ಕೋಣೆಯಲ್ಲಿ ಇದಿಷ್ಟೂ ಕೂರುತ್ತದೆ.

ನಮ್ಮ ಇಂಟರ್ವಲ್‌ ಅನ್ನು ಯಾವ ಕಾರಣಕ್ಕೂ ಬಿಡಬೇಡಿ. ಹದಿನೈದು ನಿಮಿಷವನ್ನು ಸಾಲಲ್ಲಿ ನಿಂತೇ ಕಳೆಯುವಂತಾದರೆ ಮಾತಿಗೆ ಸಮಯವೆಲ್ಲಿ? ಕಾಫಿಯ ಕೂಪನ್ ಅನ್ನು ಟಿಕೆಟ್ ಜೊತೆಗೇ ಕೊಡಿ, ಡಿಕಾಕ್ಷನ್ ಮೊದಲೇ ಇಳಿಸಿಡಿ, ಬೈ ಟು ಕಾಫಿಗೆ ಮುಖ ಸಿಂಡರಿಸಬೇಡಿ.

ಜೆ.ಪಿ. ನಗರದ ರಂಗಶಂಕರಕ್ಕೆ ಒಂದು ಸಂಜೆ ಹೋಗಿ ಬನ್ನಿ. 2004ರಲ್ಲಿ ತೆರೆದ ಆ ರಂಗಮಂದಿರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಜನ ಮುಂಚೆಯೇ ಬರುತ್ತಾರೆ, ಬಂದವರು ಅಲ್ಲಿನ ಕೆಫೆಯಲ್ಲಿ ಸೇರುತ್ತಾರೆ. ಆ ಒಂದು ನಿಯಮ ಮಾಡಿದ ಕೆಲಸವನ್ನು ಯಾವ ಪೀಠೋಪಕರಣವೂ ಮಾಡಲಾರದು. ಹೆಗ್ಗೋಡಿನ ನೀನಾಸಮ್ ಕೂಡ ನೆನಪಾಗುತ್ತದೆ. ಹಳ್ಳಿಯಲ್ಲಿ ಚಿತ್ರಸಮಾಜ ಕಟ್ಟಿ, ಜಗತ್ತಿನ ಸಿನಿಮಾ ತೋರಿಸಿ ಅದರ ಬಗ್ಗೆ ಮಾತಾಡುವುದನ್ನೂ ಕಲಿಸಿದವರು ಅವರು. ನಿಮ್ಮಲ್ಲೂ ಆಟ ಬಿಟ್ಟಾಗ ಬಾಗಿಲ ಬಳಿ ನಿಂತು ಮೊದಲ ಪ್ರಶ್ನೆ ಎತ್ತುವ ಒಬ್ಬರಾದರೂ ಇರಲಿ.

ಲೈಸೆನ್ಸ್‌ಗೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ, ನಕ್ಷೆ ಪಕ್ಕಾ ಆಗುವ ಮೊದಲೇ ವಿಚಾರಿಸಿಕೊಳ್ಳಿ. ಸಣ್ಣ ಊರಾದರೆ ಆಟದ ವೇಳೆ ಗೊತ್ತುಮಾಡುವ ಮುನ್ನ ಬಸ್ ನಿಲ್ದಾಣಕ್ಕೂ ಹೋಗಿ ಬನ್ನಿ. ಕೊನೆಯ ಬಸ್ಸಿಗೆ ಮುಕ್ಕಾಲು ಗಂಟೆ ಮೊದಲೇ ಸಿನಿಮಾ ಬಿಡದಿದ್ದರೆ ಆ ಉದ್ದನೆಯ ಮೇಜಿನಲ್ಲಿ ಯಾರೂ ಕೂರುವುದಿಲ್ಲ.