ನನಗೀಗ 66. ಸರಾಸರಿ ಆಯಸ್ಸು 70 ಅಂದ್ರೆ ಉಳಿದದ್ದು ನಾಲ್ಕೇ ವರ್ಷವಾ?

ಕೊಡಗಿನ ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರ ಪ್ರಶ್ನೆ ಇದು. ಈ ಅಂಕಿ ಓದಿ ಗಾಬರಿಯಾದವರು ಇವರೊಬ್ಬರೇ ಅಲ್ಲ.

ಖಂಡಿತ ಹಾಗಲ್ಲ ಸರ್. 70 ಅನ್ನೋದು ಈಗ ತಾನೇ ಹುಟ್ಟಿದ ಮಗುವಿನ ಲೆಕ್ಕ. ಯಾವ್ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಿದ್ದಾರೋ, ಮುಂದೆಯೂ ಹಾಗೇ ಇದ್ದರೆ ಆ ಕೂಸು ಸರಾಸರಿ ಎಷ್ಟು ವರ್ಷ ಬಾಳೀತು ಅಂತ. ನೀವು ಎಳೆತನದ ಕಾಯಿಲೆ, ಹರೆಯದ ಅಪಘಾತ ಎಲ್ಲ ದಾಟಿ ಬಂದವರು. ನಮ್ಮ ದೇಶದಲ್ಲಿ 60 ಮುಟ್ಟಿದವರು ಅಲ್ಲಿಂದ ಮುಂದೆ ಸರಾಸರಿ ಸುಮಾರು 18 ವರ್ಷ ಬದುಕುತ್ತಾರೆ.

ಹತ್ತು ಮಕ್ಕಳು ಹುಟ್ಟಿದರು ಅಂದುಕೊಳ್ಳಿ. ಇಬ್ಬರು ವಾರದೊಳಗೇ ತೀರಿಕೊಂಡರು, ಎಂಟು ಜನ 70ರವರೆಗೆ ಇದ್ದರು. ಸರಾಸರಿ 56. ಆದರೆ 56ಕ್ಕೆ ಸತ್ತವರು ಒಬ್ಬರೂ ಇಲ್ಲ, ಅಲ್ವಾ? ಸ್ವಾತಂತ್ರ್ಯ ಬಂದಾಗ ಭಾರತದ ಸರಾಸರಿ 32ರ ಆಸುಪಾಸು ಇತ್ತು. ಆಗಲೂ ಮುದುಕರಿದ್ದರು. ನಿಮ್ಮ ಕುಟುಂಬದ ಮೂಲ ಮನೆ, ಅಂದ್ರೆ ಐನ್‌ಮನೆಯ ಗೋಡೆ ನೋಡಿ. ಕುಪ್ಯ ತೊಟ್ಟು, ಪೀಚೆಕತ್ತಿ ಸಿಕ್ಕಿಸಿಕೊಂಡು ನಿಂತ ಬಿಳಿ ಮೀಸೆಯ ಅಜ್ಜಂದಿರ ಫೋಟೊ ಇರುತ್ತದೆ. ತೊಟ್ಟಿಲಲ್ಲೇ ಹೋದವರ ಫೋಟೊ ಇರುವುದಿಲ್ಲ. ನಮ್ಮಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಮಕ್ಕಳೆಷ್ಟು ಅಂತ ಯಾರು ಕೇಳಿದರೂ ಕೊನೆವರೆಗೂ ಒಂಬತ್ತು ಅಂತಲೇ ಹೇಳುತ್ತಿದ್ದರು. ಸರಾಸರಿ ಆಯಸ್ಸು ಎಣಿಸುವುದೂ ಹಾಗೇ.

ಸುಮ್ನೆ ಸಾವು ಲೆಕ್ಕ ಹಾಕಿದರೆ ಸಾಲದಾ? ಸಾಲದು. ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ವಯಸ್ಸಾದವರೇ ಉಳಿದ ಊರುಗಳು ನಮ್ಮಲ್ಲಿವೆ. ಅಲ್ಲಿ ಸಾವಿರ ಜನಕ್ಕೆ ಎಷ್ಟು ಸಾವು ಅಂತ ನೋಡಿದರೆ ಜಾಸ್ತಿಯೇ ಕಾಣುತ್ತದೆ. ಊರಿನ ಆರೋಗ್ಯ ಕೆಟ್ಟಿರಬೇಕು ಅಂತೇನಿಲ್ಲ, ಮುದುಕರು ಜಾಸ್ತಿ ಅಷ್ಟೆ. ಆಯಸ್ಸಿನ ಲೆಕ್ಕ ಒಂದೊಂದು ವಯಸ್ಸನ್ನೂ ಬೇರೆಯಾಗಿಯೇ ನೋಡುತ್ತದೆ. ಹಾಗಾಗಿ ಈ ಮೋಸ ಆಗುವುದಿಲ್ಲ. ಆದರೆ ಆರೋಗ್ಯವಾಗಿ ಬಾಳಿದ ವರ್ಷಗಳೆಷ್ಟು, ಹಾಸಿಗೆ ಹಿಡಿದು ನರಳಿದ ವರ್ಷಗಳೆಷ್ಟು ಅಂತ ಮಾತ್ರ ಅದು ಬೇರೆ ಮಾಡುವುದಿಲ್ಲ.

ನನ್ನನ್ನು ಕಾಡುವುದು ಇನ್ನೊಂದು. ಆ ಒಂದೇ ಅಂಕಿಯೊಳಗೆ ತೋಟದ ಮಾಲೀಕರ ಮನೆಯೂ ಇದೆ, ತೋಟದ ಕೂಲಿಕಾರರ ಲೈನ್‌ಮನೆಯೂ ಇದೆ, ಯರವ ಆದಿವಾಸಿಗಳ ಹಾಡಿಯೂ ಇದೆ. ರಾಜ್ಯಕ್ಕೆ ಅಂತ ಅಂಕಿ ಬರುತ್ತದೆ, ಹಾಡಿಗೆ ಅಂತ ಬರುವುದಿಲ್ಲ. ನಿಮ್ಮೂರಿನ ಆರೋಗ್ಯ ತಿಳಿಯಬೇಕಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ: ಹಾಡಿಯಲ್ಲಿ, ಲೈನ್‌ಮನೆಯಲ್ಲಿ ಹೋದ ವರ್ಷ ಹುಟ್ಟಿದ ಮಕ್ಕಳೆಷ್ಟು, ಮೊದಲ ಹುಟ್ಟುಹಬ್ಬ ಕಂಡವರೆಷ್ಟು.