ನಾಲ್ಕು ಮಂದಿಯನ್ನು ಎಲ್ಲಿಂದ ಕರೆತರುವುದು? ಮೆಟ್ಟಿಲ ಕುರ್ಚಿಯ ಹಿಂದಿನ ಕಥೆ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದು ಮೂರನೇ ಮಹಡಿಯ ಮನೆ. ಲಿಫ್ಟ್ ಇಲ್ಲ. ಕೆಲವು ವರ್ಷಗಳ ಹಿಂದೆ, ಮಳೆ ಹಿಡಿದ ಒಂದು ರಾತ್ರಿ ಅಪ್ಪನಿಗೆ ಉಸಿರು ಸಿಗದಂತಾಯಿತು. ಹೃದಯದ ತೊಂದರೆ ಮೊದಲಿನಿಂದಲೂ ಇತ್ತು. ಮಲಗಿದರೆ ಒದ್ದಾಡುತ್ತಿದ್ದರು, ಕೂತರೆ ಸ್ವಲ್ಪ ಸಮಾಧಾನ. ಆಂಬುಲೆನ್ಸ್ ಬೇಗನೇ ಬಂತು. ಆದರೆ ಅದರಲ್ಲಿದ್ದದ್ದು ಉದ್ದನೆಯ ಸ್ಟ್ರೆಚರ್ ಒಂದೇ. ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಅದು ಹೊರಳಲಿಲ್ಲ. ಜೊತೆಗೆ ಬಂದಿದ್ದ ಹುಡುಗ ನನ್ನ ಮುಖ ನೋಡಿದ. "ಸರ, ಒಂದ್ ನಾಕ್ ಮಂದಿ ಸಿಗ್ತಾರೇನ್ರಿ?" ಅಂದ.

ರಾತ್ರಿ ಎರಡು ಗಂಟೆ. ಎದುರು ಮನೆಯ ಇಬ್ಬರು ಮಕ್ಕಳೂ ಪುಣೆಯಲ್ಲಿದ್ದಾರೆ. ಒಂದನೇ ಮಹಡಿಗೆ ಬೀಗ. ಕೊನೆಗೆ ಆ ಹುಡುಗ, ಡ್ರೈವರ್, ನಾನು, ಎರಡನೇ ಮಹಡಿಯ ಕಾಕಾ ಸೇರಿ ನಾಲ್ವರಾದೆವು. ಕಾಕಾಗೆ ಅರವತ್ತನಾಲ್ಕು ವರ್ಷ, ಮೊಣಕಾಲು ನೋವು. ಅಪ್ಪನನ್ನು ಚಾದರದಲ್ಲಿ ಮಲಗಿಸಿ ನಾಲ್ಕು ಮೂಲೆ ಹಿಡಿದೆವು. ಚಾದರ ಜೋಳಿಗೆಯ ಹಾಗೆ ಮಡಚಿಕೊಂಡಿತು. ಎದೆ ಒತ್ತಿ ಅಪ್ಪನ ಉಸಿರು ಇನ್ನೂ ಕಷ್ಟವಾಯಿತು. "ಸಾವಕಾಶ ತಮ್ಮಾ" ಅಂತ ಒಮ್ಮೆ ಅಂದರು, ಆಮೇಲೆ ಮಾತೇ ಇಲ್ಲ. ಐವತ್ತನಾಲ್ಕು ಮೆಟ್ಟಿಲು. ಅದರಲ್ಲಿ ಮೂರು ಸಲ ನೆಲಕ್ಕೆ ಇಳಿಸಿ ದಮ್ಮು ತಗೊಂಡೆವು.

ಅಪ್ಪ ಉಳಿದರು. ಡಿಸ್ಚಾರ್ಜ್ ಆಗುವ ದಿನ ವಾರ್ಡಿನ ನರ್ಸ್ ಸುಮ್ನೆ ಒಂದು ಮಾತು ಹೇಳಿದರು: ಇಂಥ ರೋಗಿಯನ್ನು ಕೂರಿಸಿಯೇ ಇಳಿಸಬೇಕಿತ್ತು, ಅದಕ್ಕೆ ಮಡಚುವ ಕುರ್ಚಿ ಬರುತ್ತದೆ. ಅಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಐವತ್ತು ದಾಟಿದ ಮನುಷ್ಯ ನಾನು, ಹುಟ್ಟಿದಾಗಿನಿಂದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಇಷ್ಟು ಸಾದಾ ಸಾಮಾನು ನಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ? ಅದನ್ನೇ ಹುಡುಕುತ್ತಾ ಹೋದೆ.

ಮನುಷ್ಯರನ್ನು ಹೊತ್ತೊಯ್ಯುವುದು ನಮಗೆ ಹೊಸದೇನಲ್ಲ. ಅಂದಣ, ಮೇಣೆ, ಪಲ್ಲಕ್ಕಿ, ಡೋಲಿ ಅಂತ ಎಷ್ಟೊಂದು ಹೆಸರುಗಳಿವೆ ನೋಡಿ. ಆದರೆ ಅಂದಣ, ಮೇಣೆ ಉಳ್ಳವರಿಗೆ, ಪಲ್ಲಕ್ಕಿ ದೇವರಿಗೆ. ಕಾಯಿಲೆ ಬಿದ್ದ ಬಡವರಿಗೆ ಹೊರಸು ಅಥವಾ ಕಂಬಳಿ. ಹಳ್ಳಿಯಲ್ಲಿ ಹೊರಸಿನ ನಾಲ್ಕು ಕಾಲಿಗೆ ನಾಲ್ಕು ಮಂದಿ ಹೆಗಲು ಕೊಟ್ಟರೆ ದವಾಖಾನೆ ಮುಟ್ಟಿದ ಹಾಗೆ. ಹೆಗಲು ಸಿಗುವುದು ಗ್ಯಾರಂಟಿ ಇದ್ದಾಗ ಸಲಕರಣೆಯ ಬಗ್ಗೆ ಯಾರು ಯೋಚಿಸುತ್ತಾರೆ?

ನಮ್ಮಲ್ಲಿ ಕೂರಿಸಿ ಒಯ್ಯುವ ಕ್ರಮ ಚೆನ್ನಾಗಿ ಉಳಿದಿರುವುದು ಯಾತ್ರೆಯ ಜಾಗಗಳಲ್ಲಿ. ಬೆಳಗಾವಿ ಜಿಲ್ಲೆಯ ಜೈನ ಮನೆಗಳ ಹಿರಿಯರನ್ನು ಕೇಳಿ, ಶ್ರವಣಬೆಳಗೊಳದ ಡೋಲಿ ಅವರಿಗೆ ಗೊತ್ತು. ಕುರ್ಚಿಗೆ ಗಳ ಕಟ್ಟಿರುತ್ತಾರೆ. ಕೂತವರನ್ನು ಹೊತ್ತು ಆರುನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತುತ್ತಾರೆ. ಮೆಟ್ಟಿಲಿಗೆ ಮಲಗಿಸುವುದಕ್ಕಿಂತ ಕೂರಿಸುವುದು ವಾಸಿ ಅನ್ನುವ ತಿಳಿವಳಿಕೆ ಅದರಲ್ಲಿದೆ. ಕೂತ ಮನುಷ್ಯ ಕಡಿಮೆ ಜಾಗ ಹಿಡಿಯುತ್ತಾನೆ, ತಿರುವಿನಲ್ಲಿ ಸುಲಭವಾಗಿ ತಿರುಗುತ್ತಾನೆ. ಆ ತಿಳಿವಳಿಕೆ ಬೆಟ್ಟದಲ್ಲೇ ಉಳಿಯಿತು, ಊರಿನ ಮನೆಗಳಿಗೆ ಇಳಿದು ಬರಲಿಲ್ಲ.

ಬೇರೆ ಕಡೆ ಹತ್ತಲಾಗದವರಿಗೆ "ನೀವು ಕೆಳಗೇ ಕೂತಿರ್ರಿ" ಅಂದುಬಿಡುತ್ತೇವೆ. ವಿಜಯಪುರದ ಗೋಳಗುಮ್ಮಟ 1656ರಲ್ಲಿ ಕಟ್ಟಿದ್ದು. ನಾಲ್ಕು ಮೂಲೆಗೂ ಏಳು ಅಂತಸ್ತಿನ ಗೋಪುರಗಳಿವೆ. ಪಿಸುಮಾತಿನ ಗ್ಯಾಲರಿಗೆ ಹೋಗಬೇಕೆಂದರೆ ಅದರೊಳಗಿನ ಇಕ್ಕಟ್ಟು ಮೆಟ್ಟಿಲುಗಳನ್ನೇ ಹತ್ತಬೇಕು. ಚಿಕ್ಕವನಿದ್ದಾಗ ಅಪ್ಪನ ಕೈ ಹಿಡಿದು ಹತ್ತಿದ್ದೆ. ಅಜ್ಜಿ ಮಾತ್ರ ಹೊರಗೆ ಹುಲ್ಲಿನ ಮೇಲೆ ಕೂತು ನಮ್ಮ ಚಪ್ಪಲಿ ಕಾಯ್ದಳು. ಬಾದಾಮಿಯಲ್ಲೂ ಅಷ್ಟೇ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಅದನ್ನು ನೋಡಲು ಮೆಟ್ಟಿಲು ಹತ್ತಲೇಬೇಕು. ಅಲ್ಲೂ ಅಜ್ಜಿ ಕೆಳಗೇ. ಆಗ ಅದು ಯಾರಿಗೂ ತಪ್ಪು ಅನಿಸಲಿಲ್ಲ, ಅಜ್ಜಿಗೂ ಸಹ.

ಹೊರದೇಶದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಲಂಡನ್ನಿನಲ್ಲಿ 1634ರಲ್ಲೇ ಸರ್ ಸ್ಯಾಂಡರ್ಸ್ ಡನ್‌ಕೋಂಬ್ ಎಂಬವರು ಹೊರುವ ಕುರ್ಚಿಯನ್ನು ಬಾಡಿಗೆಗೆ ಬಿಡುವ ಪರವಾನಗಿ ಪಡೆದಿದ್ದರು. ಅದೂ ನಮ್ಮ ಮೇಣೆಯ ಹಾಗೆ ಹೆಚ್ಚಾಗಿ ಉಳ್ಳವರ ಸವಾರಿಯೇ. ದೊಡ್ಡ ತಿರುವು ಬಂದದ್ದು 1933ರಲ್ಲಿ. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡಿದ್ದರು. ಅವರೂ ಅವರ ಎಂಜಿನಿಯರ್ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಅವರೂ ಸೇರಿ ಗುಣಾಕಾರ ಚಿಹ್ನೆಯಂಥ ಅಡ್ಡಪಟ್ಟಿ ಇಟ್ಟು, ಮಡಚಿದರೆ ಕಾರಿನಲ್ಲಿ ಹಿಡಿಸುವ ಗಾಲಿಕುರ್ಚಿ ಮಾಡಿದರು. ಇವತ್ತು ನಮ್ಮ ದವಾಖಾನೆಗಳಲ್ಲಿ ಕಾಣುವ ಗಾಲಿಕುರ್ಚಿಯ ಮೂಲ ಅದೇ. ಗಮನಿಸಿ, ಇದನ್ನು ಹುಡುಕಿದ್ದು ನಡೆಯಲಾಗದ ಮನುಷ್ಯನೇ. ಆದರೆ ಆ ಕುರ್ಚಿಯೂ ಮೆಟ್ಟಿಲ ಮುಂದೆ ಬಂದು ನಿಂತುಬಿಡುತ್ತದೆ.

ಮೆಟ್ಟಿಲಿಗಾಗಿಯೇ ಜಾರುವ ಕುರ್ಚಿ ಬಂದದ್ದು ಇನ್ನೂ ಅರ್ಧ ಶತಮಾನದ ನಂತರ, 1980ರ ದಶಕದಲ್ಲಿ. ಬೆಂಕಿ ಬಿದ್ದರೆ ಲಿಫ್ಟ್ ಬಳಸುವ ಹಾಗಿಲ್ಲ. ಹಾಗಾದರೆ ಮೂವತ್ತನೇ ಮಹಡಿಯಲ್ಲಿ ಗಾಲಿಕುರ್ಚಿಯಲ್ಲಿ ಕೂತವರ ಗತಿಯೇನು? ಅಮೆರಿಕದ ವಿನ್ಯಾಸಕ ಡೇವಿಡ್ ಈಗನ್ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟರು: ಮಡಚಿ ಗೋಡೆಗೆ ತೂಗುಹಾಕಬಹುದಾದ, ಒಬ್ಬರೇ ಹಿಡಿದು ಇಳಿಸಬಹುದಾದ ಕುರ್ಚಿ.

ಅದು ಎಷ್ಟು ಬೆಲೆಬಾಳುತ್ತದೆ ಅನ್ನುವುದು ನ್ಯೂಯಾರ್ಕಿನ ಅವಳಿ ಗೋಪುರದಲ್ಲಿ ತಿಳಿಯಿತು. 1993ರಲ್ಲಿ ಅಲ್ಲಿ ಬಾಂಬ್ ಸಿಡಿದಾಗ 69ನೇ ಮಹಡಿಯಲ್ಲಿ ಕೈಕಾಲು ಸ್ವಾಧೀನವಿಲ್ಲದ ಒಬ್ಬ ನೌಕರರಿದ್ದರು. ಜೊತೆಯವರು ಅವರನ್ನು ಭಾರದ ಗಾಲಿಕುರ್ಚಿ ಸಮೇತ ಹೊತ್ತು ಇಳಿಸಬೇಕಾಯಿತು. ಆರು ಗಂಟೆ ಹಿಡಿಯಿತು. ಆಮೇಲೆ ಕಟ್ಟಡದವರು 125 ಮೆಟ್ಟಿಲ ಕುರ್ಚಿಗಳನ್ನು ಕೊಂಡರು. 2001ರ ಸೆಪ್ಟೆಂಬರ್ 11ರಂದು ಅದೇ ಮನುಷ್ಯ ಅದೇ ಮಹಡಿಯಲ್ಲಿದ್ದರು. ಸಹೋದ್ಯೋಗಿಗಳು ಸರದಿಯ ಮೇಲೆ ಹಿಡಿದು ಸುಮಾರು ಒಂದೂವರೆ ಗಂಟೆಯಲ್ಲಿ ಅವರನ್ನು ಕೆಳಗೆ ತಂದರು. ಗೋಪುರ ಕುಸಿಯುವ ಮೊದಲು ಅವರೂ ಅವರನ್ನು ಇಳಿಸಿದವರೂ ಹೊರಗಿದ್ದರು. ಇದನ್ನು ಓದಿದ ದಿನ ನಾನು ತುಂಬ ಹೊತ್ತು ನಮ್ಮ ಮೆಟ್ಟಿಲ ಮೇಲೆಯೇ ಕೂತಿದ್ದೆ.

ಯುರೋಪಿನಲ್ಲಿ ಈಗ ರೋಗಿಗಳ ಮಡಚುವ ಕುರ್ಚಿಗೆಂದೇ ಒಂದು ಮಾನದಂಡವಿದೆ, ಇಎನ್ 1865ರ ನಾಲ್ಕನೇ ಭಾಗ. ಅಲ್ಲಿ ಆಂಬುಲೆನ್ಸ್ ಅಂದರೆ ಸ್ಟ್ರೆಚರ್ ಜೊತೆ ಕುರ್ಚಿಯೂ ಇರುವುದು ವಾಡಿಕೆ.

ನಮ್ಮ ಕಡೆ ಈ ಅಗತ್ಯ ತಡವಾಗಿ ಬಂತು. ಅದಕ್ಕೆ ಕಾರಣ ಮನೆಗಳಲ್ಲಿದೆ. ಉತ್ತರ ಕರ್ನಾಟಕದ ಹಳೆಯ ಮನೆ ನೆನಪಿಸಿಕೊಳ್ಳಿ. ಮುದುಕರ ಹಾಸಿಗೆ ಪಡಸಾಲೆಯಲ್ಲಿ. ಮಾಳಿಗೆ ಏನಿದ್ದರೂ ಮೆಣಸಿನಕಾಯಿ ಒಣಗಿಸಲು, ಬೇಸಿಗೆಯಲ್ಲಿ ಹುಡುಗರು ಮಲಗಲು. ನಿಚ್ಚಣಿಕೆ ಹತ್ತುವ ಕಷ್ಟ ಹಿರಿಯರಿಗೆ ಇರಲೇ ಇಲ್ಲ. ಊರು ಬೆಳೆದ ಹಾಗೆ ಇದು ತಿರುಗಿತು. ಬೆಳಗಾವಿಯಲ್ಲಿ ಸೈಟಿನ ಬೆಲೆ ಏರಿತು. ಕೆಳಗೆ ಗಾಡಿ ನಿಲ್ಲಿಸುವ ಜಾಗ, ಮೇಲೆ ಮೂರು ಮಹಡಿ, ಲಿಫ್ಟ್ ಇಲ್ಲದ ಅಪಾರ್ಟ್‌ಮೆಂಟುಗಳು ಎದ್ದವು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ದೊಡ್ಡ ಭಾಗ ಹೋಯಿತು, ಜನ ನವನಗರಕ್ಕೆ ಬಂದರು. ಪಡಸಾಲೆ ಬಿಟ್ಟು ಬಂದ ಎಷ್ಟೋ ಮಂದಿ ಅಲ್ಲಿ ಕೆಳಗಿನ ಮನೆ ಬಾಡಿಗೆಗೆ ಕೊಟ್ಟು ತಾವು ಮೇಲೆ ಉಳಿದರು. ನಲವತ್ತರ ವಯಸ್ಸಿನಲ್ಲಿ ಮಾಡಿದ ಈ ಲೆಕ್ಕ ಎಪ್ಪತ್ತಕ್ಕೆ ತಲೆಕೆಳಗಾಗುತ್ತದೆ. ಅಷ್ಟು ಹೊತ್ತಿಗೆ ಹೆಗಲು ಕೊಡುವ ಮಕ್ಕಳು ಪುಣೆ, ಬೆಂಗಳೂರು ಸೇರಿರುತ್ತಾರೆ.

ಕಾನೂನಿಗೆ ಮೆಟ್ಟಿಲ ಕಷ್ಟ ಗೊತ್ತಿಲ್ಲ ಅಂತಲ್ಲ. 1908ರ ನೋಂದಣಿ ಕಾಯ್ದೆಯಲ್ಲೇ ಒಂದು ಒಳ್ಳೆಯ ಮಾತಿದೆ. ದೇಹದ ಅಶಕ್ತಿಯಿಂದ ಕಚೇರಿಗೆ ಬರಲಾಗದವರ ಮನೆಗೆ ಅಧಿಕಾರಿಯೇ ಹೋಗಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಹಿರಿಯರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕಚೇರಿಯ ಮಹಡಿಗೆ ಹೊತ್ತು ಏರಿಸುತ್ತಾರೆ, ಒಂದು ಹೆಬ್ಬೆಟ್ಟಿಗಾಗಿ. ದಯವಿಟ್ಟು ಹಾಗೆ ಮಾಡಬೇಡಿ. ಆ ಕುರ್ಚಿಯ ಕಾಲು ಇರುವುದು ನೆಲದ ಮೇಲೆ ನಿಲ್ಲಲು. ಅದನ್ನು ಹಿಡಿದು ಎತ್ತಿದರೆ ಯಾವಾಗ ಬಾಗುತ್ತದೋ ಹೇಳಲಾಗದು. 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ಕೊಟ್ಟದ್ದೂ ಇದೇ ದಾರಿಯದು.

ಕಟ್ಟಡಗಳ ವಿಷಯದಲ್ಲಿ 1995ರಲ್ಲಿ ಅಂಗವಿಕಲರಿಗಾಗಿ ಒಂದು ಕಾಯ್ದೆ ಬಂತು. 2015ರ ಡಿಸೆಂಬರ್ 3ರಂದು, ಕಟ್ಟಡಗಳು ಅಂಗವಿಕಲರಿಗೂ ಎಟುಕಬೇಕು ಅನ್ನುವ ಕೇಂದ್ರದ ಸುಗಮ್ಯ ಭಾರತ ಅಭಿಯಾನ ಶುರುವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಈಗಿರುವ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಎಲ್ಲರಿಗೂ ತಲುಪುವಂತೆ ಮಾಡಬೇಕು ಅಂದಿತು. ಐದು ವರ್ಷ ಆಗಲೇ ಕಳೆದಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ರಾಜೀವ್ ರತೂರಿ ಪ್ರಕರಣದಲ್ಲಿ, ಬರೀ ಮಾರ್ಗಸೂಚಿ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಇದೆಲ್ಲ ಬೇಕು. ಆದರೆ ಈ ಮಾತುಗಳೆಲ್ಲ ಹೆಚ್ಚಾಗಿ ರ‍್ಯಾಂಪು, ಲಿಫ್ಟಿನ ಸುತ್ತ ಇವೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಎತ್ತರದ ಕಟ್ಟಡ ಅನ್ನುವುದು 15 ಮೀಟರ್‌ನಿಂದ ಮೇಲಕ್ಕೆ. ನಮ್ಮಂಥ ಮೂರು ಮಹಡಿಯವರು ಅದರ ಕೆಳಗೇ ಉಳಿಯುತ್ತೇವೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಸೇವೆ ಶುರುವಾದದ್ದು ದೊಡ್ಡ ಕೆಲಸವೇ ಸರಿ, ಎಷ್ಟೋ ಜೀವ ಉಳಿದಿವೆ. ಆ ಗಾಡಿ ಗೇಟಿನವರೆಗೆ ಬರುತ್ತದೆ. ಗೇಟಿನಿಂದ ಮೂರನೇ ಮಹಡಿಯವರೆಗಿನ ದೂರಕ್ಕೆ ಇನ್ನೂ ಹಳೆಯ ಉತ್ತರವೇ: ನಾಲ್ಕು ಮಂದಿ ಕರೀರಿ.

ಕುರ್ಚಿಯ ವಿಷಯಕ್ಕೆ ಬರೋಣ. ಎರಡು ಬಗೆ ಇವೆ. ಒಂದು ಬರೀ ಹಿಡಿಕೆಯದ್ದು. ಹಿಂದೊಬ್ಬರು, ಮುಂದೊಬ್ಬರು ಹಿಡಿದು ಎತ್ತಬೇಕು, ಸಮನೆಲದಲ್ಲಿ ಚಕ್ರದ ಮೇಲೆ ತಳ್ಳಬಹುದು. ಇನ್ನೊಂದಕ್ಕೆ ಹಿಂದೆ ಎರಡು ರಬ್ಬರ್ ಬೆಲ್ಟ್ ಇರುತ್ತವೆ, ಟ್ರ್ಯಾಕ್ಟರಿನ ಟೈರಿನಂತೆ ಹಲ್ಲು ಇರುವಂಥವು. ಬೆಲ್ಟು ಮೆಟ್ಟಿಲುಗಳ ಅಂಚಿನ ಮೇಲೆ ಒರಗಿ ನಿಧಾನವಾಗಿ ಜಾರುತ್ತದೆ. ಕೂತವರ ತೂಕ ಹೆಚ್ಚಾದಷ್ಟೂ ಬೆಲ್ಟಿನ ಹಿಡಿತ ಗಟ್ಟಿಯಾಗುತ್ತದೆ. ಹಾಗಾಗಿ ಕುರ್ಚಿ ಒಮ್ಮೆಲೇ ಓಡಿಹೋಗುವುದಿಲ್ಲ. ಎತ್ತುವ ಕೆಲಸವೇ ಇಲ್ಲ, ಸಮತೋಲ ನೋಡಿಕೊಂಡರೆ ಸಾಕು. ಆದರೆ ಇದು ಇಳಿಸಲು ಮಾತ್ರ. ಹತ್ತಿಸಲು ಬ್ಯಾಟರಿಯದ್ದು ಬೇಕು, ಅದು ಭಾರವೂ ಹೌದು, ದುಬಾರಿಯೂ ಹೌದು.

ಕೊಳ್ಳುವ ಮೊದಲು ನಿಮ್ಮ ಮೆಟ್ಟಿಲು ಅಳೆಯಿರಿ. ಮನೆಯ ಮೆಟ್ಟಿಲಿಗೆ ಸಂಹಿತೆ ಹೇಳುವ ಲೆಕ್ಕ ಹೀಗಿದೆ: ಒಂದೊಂದು ಮೆಟ್ಟಿಲ ಎತ್ತರ 190 ಮಿಲಿಮೀಟರ್ ಮೀರಬಾರದು, ಕಾಲಿಡುವ ಜಾಗದ ಅಗಲ 250ಕ್ಕಿಂತ ಕಡಿಮೆ ಇರಬಾರದು. ಇದರ ಇಳಿಜಾರು ಸುಮಾರು 37 ಡಿಗ್ರಿ, ಬೆಲ್ಟಿನ ಕುರ್ಚಿ ಇದಕ್ಕೆ ಹೊಂದುತ್ತದೆ. ಶಹಾಪುರ, ಖಡೇ ಬಜಾರ ಕಡೆಯ ಹಳೇ ಮನೆಗಳ ಕಡಿದಾದ ಕಟ್ಟಿಗೆ ಮೆಟ್ಟಿಲಿಗೆ ಇದು ಆಗುವುದಿಲ್ಲ. ತಿರುವಿನಲ್ಲಿ ಸಮನಾದ ಜಾಗ ಬಿಡದೆ ತ್ರಿಕೋನದ ಮೆಟ್ಟಿಲು ಹಾಕಿದ್ದರೂ ಕಷ್ಟ, ಬೆಲ್ಟಿನ ಒಂದು ಬದಿ ಗಾಳಿಯಲ್ಲಿ ನಿಲ್ಲುತ್ತದೆ. ಅಂಥ ಕಡೆ ಹಿಡಿಕೆಯ ಕುರ್ಚಿಯೇ ಸರಿ.

ಇನ್ನೊಂದು ಮಾತು. ಬಿದ್ದು ಬೆನ್ನಿಗೋ ಸೊಂಟಕ್ಕೋ ಪೆಟ್ಟಾಗಿದ್ದರೆ ಕುರ್ಚಿಯಲ್ಲಿ ಕೂರಿಸಲೇಬಾರದು. ಅವರಿಗೆ ಸಮತಟ್ಟಾದ ಹಲಗೆಯೇ ಬೇಕು. ಪ್ರಜ್ಞೆ ತಪ್ಪಿದವರಿಗೂ ಕುರ್ಚಿ ಒಗ್ಗುವುದಿಲ್ಲ. ಎದೆನೋವು ಬಂದವರನ್ನು "ಸಾವಕಾಶ ನಡೀರಿ, ನಾ ಹಿಡ್ಕೋತೀನಿ" ಅಂತ ನಡೆಸುವುದೂ ತಪ್ಪು. ನಮ್ಮ ಮನೆಗಳಲ್ಲಿ ಜಾಸ್ತಿ ಆಗುವ ತಪ್ಪು ಇದೇ ಅಂತ ನನ್ನ ಅನಿಸಿಕೆ. ಲಕ್ವ ಹೊಡೆದಾಗ ರಕ್ತದ ಗಡ್ಡೆ ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಸಮಯವಿರುತ್ತದೆ. ಅದರಲ್ಲಿ ಅರ್ಧ ಗಂಟೆ ಹೆಗಲು ಹುಡುಕುವುದರಲ್ಲೇ ಕಳೆದರೆ ಏನು ಹೇಳುವುದು?

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಆರು ಮನೆಯವರು ದುಡ್ಡು ಕೂಡಿಸಿ ಬೆಲ್ಟಿನ ಕುರ್ಚಿಯೊಂದನ್ನು ತಂದೆವು. ಕೆಳಗೆ ಮೀಟರ್ ಬೋರ್ಡಿನ ಪಕ್ಕ ಮೊಳೆಗೆ ತೂಗುಹಾಕಿದ್ದೇವೆ, ಬೀಗವಿಲ್ಲದೆ. ಮೊದಲ ಸಲ 50 ಕೆಜಿ ಜೋಳದ ಚೀಲ ಕಟ್ಟಿ ಇಳಿಸಿ ನೋಡಿದೆವು. ಮುಂದಿನ ಭಾನುವಾರ ಕಾಕಾ ತಾವೇ ಬಂದು ಪಟ್ಟಿ ಬಿಗಿಸಿಕೊಂಡು ಕೂತರು. ಹಿಂದೆ ಹಿಡಿದದ್ದು ನನ್ನ ಮಗಳು, ಮುಂದೆ ನಾನು. ಎರಡನೇ ತಿರುವಿನಲ್ಲಿ ಒಂದು ಮೆಟ್ಟಿಲ ಅಂಚು ಒಡೆದಿದೆ, ಅಲ್ಲಿ ಕುರ್ಚಿ ಸ್ವಲ್ಪ ಜಗ್ಗಿತು. ಮರುದಿನವೇ ಗೌಂಡಿಯನ್ನು ಕರೆಸಿದೆವು.